ಹಾರ ಸಾಕು, ಹೆಗಲು ಬೇಕು



ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಬಗೆಯ ಮಾತುಗಳಿಗೆ ಎಂದೂ ಬರಗಾಲ ಬಂದದ್ದಿಲ್ಲ. ಮೊದಲನೆಯದು ವೇದಿಕೆಯ ಮಾತು. ವಾರ್ಷಿಕ ಹಬ್ಬದ ಸಂಜೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು ಆಡುವ ಮಾತು ಅದು. ಅಲ್ಲಿ ಎಲ್ಲರೂ ತ್ಯಾಗಮೂರ್ತಿಗಳು, ಎಲ್ಲರೂ ಕೊಡುಗೈ ದಾನಿಗಳು. ಎರಡನೆಯದು ಬೆನ್ನ ಹಿಂದಿನ ಮಾತು. ಅದೇ ಸಂಜೆಯ ಊಟದ ಪಂಕ್ತಿಯಲ್ಲಿ, ಮರುದಿನ ಬಸ್ ನಿಲ್ದಾಣದ ಚಹದಂಗಡಿಯಲ್ಲಿ, ಈಚಿನ ವರ್ಷಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ನಿನ್ನೆ ಶಾಲು ಹೊದ್ದವರನ್ನೇ ಕುರಿತು ಆಡುವ ಮಾತು. ಈ ಎರಡರ ನಡುವೆ ಇರಬೇಕಾದ ಮೂರನೆಯ ಮಾತೊಂದಿದೆ. ಮುಖ ನೋಡಿ, ಪಕ್ಕದಲ್ಲಿ ಕುಳಿತು, ಪ್ರೀತಿ ಬಿಡದೆ, ಇದ್ದುದನ್ನು ಇದ್ದಂತೆ ಹೇಳುವ ಮಾತು. ಅದು ನಮ್ಮಲ್ಲಿ ಬತ್ತುತ್ತಾ ಬಂದಿದೆ. ಈ ಲೇಖನ ಆ ಮೂರನೆಯ ಮಾತಿನ ಪರವಾದ ವಕಾಲತ್ತು. ಮೊದಲೆರಡರಲ್ಲಿ ನುರಿತವರಿಗೆ ಇದು ಕಹಿಯೆನಿಸಿದರೆ ಸಹಿಸಿಕೊಳ್ಳಬೇಕಾಗಿ ವಿನಂತಿ.

ಪ್ರೋತ್ಸಾಹಿಸುವುದು ಒಂದು ಕೆಲಸ, ಲೆಕ್ಕ ಕೇಳುವುದು ಇನ್ನೊಂದು ಕೆಲಸ, ಮೊದಲನೆಯದು ಸಜ್ಜನರ ಗುಣ, ಎರಡನೆಯದು ಜಗಳಗಂಟರ ಚಟ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇದು ತಪ್ಪು. ಅವೆರಡೂ ಒಂದೇ ಕೆಲಸ. ಬೇರೆ ಮಾಡಿದ ಕ್ಷಣದಲ್ಲೇ ಎರಡೂ ಕೆಡುತ್ತವೆ. ಪ್ರೋತ್ಸಾಹ ಮುಖಸ್ತುತಿಯಾಗುತ್ತದೆ, ಹೊಣೆ ಕೇಳುವುದು ಚಾಡಿಯಾಗುತ್ತದೆ.

ಹಿರೇಕೆರೂರಿನ ಸುತ್ತಿನ ಹೊಲಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಯ್ಯಾಳಿನ ಪದ್ಧತಿ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯ ಮಾತಿಲ್ಲ, ಕಾಗದಪತ್ರವಿಲ್ಲ. ಆದರೂ ಯಾರ ಮನೆಯ ಯಾವ ದಿನದ ಆಳು ಬಾಕಿಯಿದೆ ಎಂಬುದು ಎಲ್ಲರ ನೆನಪಿನಲ್ಲಿ ಅಚ್ಚೊತ್ತಿರುತ್ತದೆ. ಗೋವಿನಜೋಳದ ಹೊಲದಲ್ಲಿ ಹೆಂಗಸರು ಸಾಲು ಹಿಡಿದು ಕಳೆ ತೆಗೆಯುವಾಗ ನೋಡಿ. ಒಬ್ಬಳು ಹಿಂದೆ ಬಿದ್ದರೆ ಪಕ್ಕದ ಸಾಲಿನವಳು ಮೊದಲು ಹಾಸ್ಯ ಮಾಡುತ್ತಾಳೆ, ಆಮೇಲೆ ತನ್ನ ಸಾಲಿನೊಂದಿಗೆ ಅವಳ ಸಾಲಿನ ನಾಲ್ಕು ಮಾರನ್ನೂ ಮುಗಿಸಿಕೊಡುತ್ತಾಳೆ. ಬುಡದಲ್ಲಿ ಕಳೆ ಬಿಟ್ಟು ಮುಂದೆ ಹೋದವಳನ್ನು ಅಲ್ಲೇ ಕೂಗಿ ಕರೆಯುತ್ತಾಳೆ; ಸಂಜೆ ಮನೆಗೆ ಹೋಗಿ ಗಂಡನ ಮುಂದೆ ಹೇಳುವುದಕ್ಕೆ ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಹಾಡೂ ಇರುತ್ತದೆ, ಗದರಿಕೆಯೂ ಇರುತ್ತದೆ. ಯಾವುದು ಪ್ರೋತ್ಸಾಹ, ಯಾವುದು ಲೆಕ್ಕ ಎಂದು ಬಿಡಿಸಿ ಹೇಳಿ ನೋಡೋಣ. ಕಳೆನಾಶಕ ಸಿಂಪಡಿಸುವ ಇಂದಿನ ದಿನಗಳಲ್ಲಿ ಆ ಸಾಲುಗಳು ವಿರಳವಾಗಿವೆಯೆಂಬುದು ನಿಜ. ಹೊಲದಲ್ಲಿ ವಿರಳವಾದದ್ದು ದೇವಾಲಯದ ಬೆಂಚಿನಲ್ಲಿ ಎಂದಾದರೂ ಹುಟ್ಟಿಕೊಂಡಿತ್ತೇ ಎಂಬುದು ನನ್ನ ಪ್ರಶ್ನೆ.

ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಸೀಮೆಯಲ್ಲಿ ನಮ್ಮ ಕುಟುಂಬಗಳು ಕಡಿಮೆ. ಇದ್ದವೂ ಚದುರಿವೆ. ಶಾಲೆ, ಆಸ್ಪತ್ರೆ, ಬ್ಯಾಂಕಿನ ನೌಕರಿಗೆಂದು ಬಂದು ನೆಲೆಸಿದವರು ಕೆಲವರು, ಹೊಲದ ಕೂಲಿಯನ್ನೇ ನಂಬಿದವರು ಕೆಲವರು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಬೇಕಾದರೆ ಬಸ್ಸು ಹಿಡಿಯಬೇಕು. ನೂರಾರು ಕುಟುಂಬಗಳಿರುವ ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾರ್ಡಿಗೊಬ್ಬ ಗುರಿಕಾರ ಇದ್ದು ಮನೆಮನೆಯ ಸುದ್ದಿ ತಿಳಿದುಕೊಳ್ಳುವ ರೂಢಿ ತಲೆತಲಾಂತರದಿಂದ ಬಂದಿದೆ. ನಮಗೆ ಆ ಅನುಕೂಲವಿಲ್ಲ. ಭಾನುವಾರದ ಬಲಿಪೂಜೆಯ ಮುಂಚಿನ ಹತ್ತು ನಿಮಿಷ, ಮುಗಿದ ಮೇಲಿನ ಹತ್ತು ನಿಮಿಷ, ಇಷ್ಟೇ ನಮ್ಮ ಸಮುದಾಯ. ಆ ಇಪ್ಪತ್ತು ನಿಮಿಷವೂ "ಆರಾಮ?" "ಆರಾಮ" ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ.

ಈ ಮಾತೆತ್ತಿದ ಕೂಡಲೇ ಎದುರಾಗುವ ಮೊದಲ ಆಕ್ಷೇಪಣೆ ಶುಭಸಂದೇಶದಿಂದಲೇ ಬರುತ್ತದೆ. ಪರರ ಬಗ್ಗೆ ತೀರ್ಪು ಮಾಡಬಾರದೆಂದು ಪ್ರಭು ಹೇಳಿಲ್ಲವೇ? ಹೇಳಿದ್ದಾರೆ. ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯವನ್ನು ದಯವಿಟ್ಟು ಐದನೆಯ ವಚನದವರೆಗೂ ಓದಿ. ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆ, ಆಗ ಸೋದರನ ಕಣ್ಣಿನ ರವೆಯನ್ನು ತೆಗೆಯಲು ಸರಿಯಾಗಿ ಕಾಣುತ್ತದೆ ಎಂಬುದು ಅಲ್ಲಿಯ ಭಾವ. ರವೆಯನ್ನು ಅಲ್ಲೇ ಬಿಡು ಎಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ತೆಗೆಯುವವನ ಕಣ್ಣು ಶುದ್ಧವಿರಲಿ, ಕೈ ಹಗುರವಿರಲಿ ಎಂಬುದೇ ಷರತ್ತು. ನಾವು ಷರತ್ತನ್ನು ಹಿಡಿದುಕೊಂಡು ಕೆಲಸವನ್ನೇ ಕೈಬಿಟ್ಟಿದ್ದೇವೆ. ಅದೇ ಶುಭಸಂದೇಶದ 18ನೇ ಅಧ್ಯಾಯದಲ್ಲಿ ತಪ್ಪು ಮಾಡಿದ ಸೋದರನ ಬಳಿಗೆ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂಬ ಕ್ರಮವನ್ನು ಪ್ರಭುವೇ ಹಾಕಿಕೊಟ್ಟಿದ್ದಾರೆ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಒಬ್ಬಿಬ್ಬರಿಗೆ ಖಚಿತವಾಗುತ್ತದೆ, ಕಟ್ಟಕಡೆಗೆ ಸಂಬಂಧಪಟ್ಟವನ ಕಿವಿಗೆ ಬೀಳುತ್ತದೆ.

ಇನ್ನೊಂದನ್ನೂ ಗಮನಿಸಿ. ಪ್ರತಿ ಭಾನುವಾರ ಬಲಿಪೂಜೆಯ ಆರಂಭದಲ್ಲಿ ನಾವು ಎದೆ ಬಡಿದುಕೊಂಡು ಪಾಪವನ್ನು ಒಪ್ಪಿಕೊಳ್ಳುವುದು ದೇವರಿಗೆ ಮಾತ್ರವಲ್ಲ. ಅಕ್ಕಪಕ್ಕದಲ್ಲಿ ನಿಂತಿರುವ ಸೋದರ ಸೋದರಿಯರಿಗೂ ಒಪ್ಪಿಕೊಳ್ಳುತ್ತೇವೆ, ನಮಗಾಗಿ ಪ್ರಾರ್ಥಿಸುವಂತೆ ಅವರನ್ನೇ ಬೇಡಿಕೊಳ್ಳುತ್ತೇವೆ. ಮಾಡಿದ ಪಾಪದ ಜೊತೆಗೆ, ಮಾಡದೆ ಬಿಟ್ಟ ಕರ್ತವ್ಯವೂ ಅದರಲ್ಲಿ ಸೇರಿದೆ. ಪಾಪನಿವೇದನೆಯ ಗುಟ್ಟನ್ನು ಯಾಜಕರು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. ಅದು ಧರ್ಮಸಭೆಯ ದೊಡ್ಡ ಕರುಣೆ. ಆದರೆ ಆ ಗುಟ್ಟಿನ ಆಶ್ರಯದಲ್ಲಿ, ನನ್ನ ಪಾಪ ನನಗೂ ಫಾದರ್‌ಗೂ ಬಿಟ್ಟ ವಿಷಯ ಎಂಬ ತಪ್ಪು ತಿಳಿವಳಿಕೆ ಬೆಳೆದಿದೆ. ನಮ್ಮ ಪಾಪದಿಂದ ಧರ್ಮಸಭೆಗೇ ಗಾಯವಾಗುತ್ತದೆ, ಪಾಪನಿವೇದನೆಯಲ್ಲಿ ಅದರೊಂದಿಗೂ ನಮಗೆ ಸಂಧಾನವಾಗುತ್ತದೆ ಎಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ 11ನೇ ಪರಿಚ್ಛೇದದಲ್ಲಿ ತಿಳಿಸಿತು. ಪಕ್ಕದವನಿಗೆ ಎದೆ ಬಡಿದುಕೊಂಡು ಹೇಳಿದ ಮೇಲೆ, "ಏನಪ್ಪಾ, ಹೇಗಿದ್ದೀಯಾ?" ಎಂದು ಆತ ಕೇಳಿದರೆ ನಮಗೇಕೆ ಸಿಟ್ಟು ಬರಬೇಕು?

ಸಿದ್ಧಾಂತ ಸಾಕು. ನಮ್ಮ ಮನೆಗಳ ವಿಷಯಕ್ಕೆ ಬರೋಣ. ಮೊದಲನೆಯದು ಸಾಲ.

2025ರ ಆರಂಭದಲ್ಲಿ ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ರಾಜ್ಯದ ನಾನಾ ಕಡೆಗಳಿಂದ ಬಂದವು. ಆ ವರ್ಷದ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆಮನೆ, 5 ಲಕ್ಷ ರೂಪಾಯಿಯವರೆಗೆ ದಂಡ ಎಂದು ಅದು ವಿಧಿಸಿತು. ಒಳ್ಳೆಯದೇ. ಆದರೆ ಸಂಘದ ಸಾಲದ ಒಳಗಿನ ಕೀಲನ್ನು ಸ್ವಲ್ಪ ನೋಡಿ. ಹತ್ತು ಹೆಂಗಸರನ್ನು ಒಂದು ಗುಂಪು ಮಾಡುತ್ತಾರೆ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ತುಂಬಬೇಕು. ಹೀಗಾಗಿ ವಸೂಲಿಗೆ ಬರುವವನು ತಾನು ಬೈಯಬೇಕಾಗಿಲ್ಲ. ಅಕ್ಕಪಕ್ಕದ ಮನೆಯವರೇ ಕಂತು ತಪ್ಪಿಸಿದವಳ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತು ಬೈಯುತ್ತಾರೆ. ಅದೂ ಪರಸ್ಪರ ಹೊಣೆಯೇ. ಪ್ರೀತಿಯನ್ನು ಹಿಂಡಿ ತೆಗೆದ ಮೇಲೆ ಉಳಿದ ಹೊಣೆ. ಮುಯ್ಯಾಳಿನ ಸಾಲಿನಲ್ಲಿ ಹಿಂದೆ ಬಿದ್ದವಳ ಕೆಲಸಕ್ಕೆ ಕೈಹಚ್ಚುವ ಅದೇ ಹೆಂಗಸು, ಕಂತಿನ ದಿನ ಅವಳ ಬಾಗಿಲಿಗೆ ಬಂದು ಕೂಗಾಡುವಂತೆ ಮಾಡುವ ವ್ಯವಸ್ಥೆ ಅದು.

ಫೈನಾನ್ಸಿನವರನ್ನು ಶಪಿಸುವುದು ಸುಲಭ, ಶಪಿಸೋಣ. ಜೊತೆಗೆ ಈ ಒಂದು ಮಾತನ್ನೂ ಕೇಳಿಕೊಳ್ಳೋಣ. 2022ರಲ್ಲಿ ರಿಸರ್ವ್ ಬ್ಯಾಂಕು ಇಂಥ ಸಾಲಗಳಿಗೆ ಹೊಸ ನಿಯಮ ಮಾಡಿದಾಗ, ಒಂದು ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ಆದಾಯದ ಅರ್ಧವನ್ನು ಮೀರಕೂಡದು ಎಂದಿತು. ಎಂದರೆ ಸಾಲ ಕೊಡುವವನು ಮನೆಯೊಳಗೆ ಬಂದು, ನಿಮ್ಮ ಆದಾಯವೆಷ್ಟು, ಬೇರೆ ಸಾಲ ಎಷ್ಟಿದೆ ಎಂದು ಕೇಳಲೇಬೇಕು. ಪರಕೀಯನೊಬ್ಬ ಕೇಳಬೇಕೆಂದು ಕಾನೂನೇ ಹೇಳುವ ಆ ಪ್ರಶ್ನೆಯನ್ನು ಹತ್ತು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂರುವ ಸೋದರ ಒಮ್ಮೆಯಾದರೂ ಕೇಳಿದ್ದಾನೆಯೇ? ಮಗಳ ಮದುವೆಗೆಂದು ಸಾಲ ಮಾಡಿ ಮಂಟಪವನ್ನು ಹೂವಿನಲ್ಲಿ ಮುಚ್ಚಿದ ಮನೆಯಲ್ಲಿ ನಾವೆಲ್ಲ ಊಟ ಮಾಡಿ, ಬಹಳ ಅದ್ದೂರಿಯಾಯಿತೆಂದು ಹೊಗಳಿ ಬಂದೆವು. ಅದು ನಮ್ಮ ಪ್ರೋತ್ಸಾಹ. ಎರಡು ವರ್ಷದ ನಂತರ ಆ ಕುಟುಂಬ ಭಾನುವಾರ ಕಾಣಿಸಿಕೊಳ್ಳಲಿಲ್ಲ. ಯಾರೂ ಹೋಗಿ ನೋಡಲಿಲ್ಲ. ಬಾಗಿಲಿಗೆ ಬೀಗ ಬಿದ್ದ ಮೇಲೆ, ಗುಳೆ ಹೋದರಂತೆ, ಬೆಂಗಳೂರಿನಲ್ಲಿದ್ದಾರಂತೆ ಎಂದು ಮಾತಾಡಿಕೊಂಡೆವು. ಯಾವ ಊರಿನ ಯಾವ ಮನೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಧರ್ಮಕೇಂದ್ರದ ಹಳೆಯ ಕುಟುಂಬಗಳ ಪಟ್ಟಿಯನ್ನು ತೆಗೆದು, ಈಗ ಕಾಣದ ಹೆಸರುಗಳ ಮೇಲೆ ಬೆರಳಿಟ್ಟು ನೋಡಿ.

ಎರಡನೆಯದು ಕುಡಿತ. ಗಂಡಸೊಬ್ಬ ಕುಡಿಯುತ್ತಾನೆಂದರೆ ನಮಗೆ ಎಲ್ಲವೂ ಗೊತ್ತಿರುತ್ತದೆ. ಯಾವ ಅಂಗಡಿ, ಎಷ್ಟು ಹೊತ್ತು, ಯಾರ ದುಡ್ಡು, ಮನೆಗೆ ಬಂದ ಮೇಲೆ ಹೆಂಡತಿಯ ಮೈಮೇಲೆ ಎಷ್ಟು ಪೆಟ್ಟು, ಎಲ್ಲ. ಅವನ ಮುಂದೆ ಮಾತ್ರ ನಮಗೆ ಏನೂ ಗೊತ್ತಿಲ್ಲ. ಹೆಂಡತಿಗೆ ಪ್ರಾರ್ಥನೆ ಮಾಡಮ್ಮಾ ಎಂದು ಸಲಹೆ ಕೊಟ್ಟು ಕಳಿಸುತ್ತೇವೆ. ಇಲ್ಲಿ ಒಂದು ಸಂಗತಿಯನ್ನು ನೆನಪಿಸಬೇಕು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ದಾಸರಾಗಿದ್ದ ಇಬ್ಬರು, ಒಬ್ಬ ಷೇರು ವ್ಯವಹಾರದವನು, ಒಬ್ಬ ವೈದ್ಯ, ಪರಸ್ಪರ ಕುಳಿತು ಇದ್ದುದನ್ನು ಇದ್ದಂತೆ ಹೇಳಿಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಜಗದ್ವ್ಯಾಪಿ ಸಂಘಟನೆ ಹುಟ್ಟಿದ್ದು ಹಾಗೆ. ಅಲ್ಲಿ ಉಪದೇಶಕರಿಲ್ಲ. ಎದ್ದು ನಿಂತು ತಾನು ಕುಡುಕನೆಂದು ಹೇಳುವವನಿಗೆ ಚಪ್ಪಾಳೆ ತಟ್ಟುತ್ತಾರೆ. ಅದೇ ಜನ ಮಾರನೆಯ ವಾರ ಅವನು ಬಾರದಿದ್ದರೆ ಮನೆಗೆ ಫೋನು ಮಾಡುತ್ತಾರೆ. ರಾತ್ರಿ ಹನ್ನೆರಡಕ್ಕೆ ಕುಡಿಯುವ ಆಸೆ ಹತ್ತಿದರೆ ಎಬ್ಬಿಸಿ ಮಾತಾಡಲು ಒಬ್ಬ ಹಿರಿಯ ಜೊತೆಗಾರನಿರುತ್ತಾನೆ. ಎಷ್ಟೋ ನಗರಗಳಲ್ಲಿ ಅವರ ಸಭೆ ಸೇರುವುದು ಚರ್ಚಿನ ಸಭಾಂಗಣಗಳಲ್ಲೇ. ಸಭಾಂಗಣದಲ್ಲಿ ಕುಡುಕರು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ, ಪಕ್ಕದ ದೇವಾಲಯದಲ್ಲಿ ಭಕ್ತರು ಒಬ್ಬರಿಗೊಬ್ಬರು ಅಪರಿಚಿತರಾಗಿ ಕೂರುತ್ತಾರೆ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದದ್ದನ್ನು ಯಾರು ಕಾರ್ಯಕ್ಕಿಳಿಸಿದರು?

ಈ ಪ್ರಸಂಗದಲ್ಲಿ ಹಿಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯದ 24ನೇ ವಚನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರೀತಿಗೂ ಸತ್ಕಾರ್ಯಕ್ಕೂ ಪರಸ್ಪರ ಪ್ರೇರೇಪಿಸಿರಿ ಎಂಬ ಅರ್ಥದ ಮಾತು ಅದು. ಪ್ರೇರಣೆ ಎಂದು ನಾವು ಸೌಮ್ಯವಾಗಿ ಓದುವಲ್ಲಿ ಮೂಲ ಗ್ರೀಕಿನಲ್ಲಿರುವುದು 'ಪರೊಕ್ಸಿಸ್ಮೊಸ್' ಎಂಬ ಖಾರವಾದ ಪದ. ಕೆಣಕುವುದು, ಚುಚ್ಚಿ ಎಬ್ಬಿಸುವುದು ಎಂಬ ಅರ್ಥಕ್ಕೆ ಅದು ಹತ್ತಿರ. ಹೊಸ ಒಡಂಬಡಿಕೆಯಲ್ಲಿ ಈ ಪದ ಇನ್ನೊಂದೇ ಕಡೆ ಬರುತ್ತದೆ: ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯದಲ್ಲಿ ಪೌಲರಿಗೂ ಬಾರ್ನಬರಿಗೂ ನಡೆದ ತೀಕ್ಷ್ಣ ಜಗಳಕ್ಕೆ. ಜಗಳಕ್ಕೂ ಪ್ರೋತ್ಸಾಹಕ್ಕೂ ಒಂದೇ ಪದ!

ಆ ಜಗಳದ ಕಾರಣವೂ ನಮಗೆ ಬೇಕಾದದ್ದೇ. ಮಾರ್ಕನೆಂಬ ಯುವಕ ಮೊದಲ ಪ್ರಯಾಣದಲ್ಲಿ ಅರ್ಧ ದಾರಿಯಲ್ಲಿ ಬಿಟ್ಟುಹೋಗಿದ್ದ. ಎರಡನೆಯ ಸಲ ಅವನನ್ನು ಕರೆದುಕೊಂಡು ಹೋಗಬೇಕೆಂದರು ಬಾರ್ನಬರು. ಅವರ ಹೆಸರಿಗೇ ಪ್ರೋತ್ಸಾಹದ ಪುತ್ರ ಎಂಬ ಅರ್ಥವಿದೆ. ಕೈಕೊಟ್ಟವನನ್ನು ಮತ್ತೆ ನಂಬಲಾಗದು ಎಂದರು ಪೌಲರು. ಇಬ್ಬರೂ ಬೇರೆಯಾದರು. ಯಾರು ಸರಿ? ಮಾರ್ಕನ ತಪ್ಪನ್ನು ಪೌಲರು ಮುಚ್ಚಿಹಾಕಲಿಲ್ಲ, ಬಾರ್ನಬರು ಮಾರ್ಕನನ್ನೇ ಎಸೆಯಲಿಲ್ಲ. ಇಬ್ಬರೂ ಇಲ್ಲದಿದ್ದರೆ ಆ ಹುಡುಗ ಕೆಡುತ್ತಿದ್ದ ಎಂಬುದು ನನ್ನ ಅಭಿಪ್ರಾಯ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಸೆರೆಯಲ್ಲಿರುವ ಪೌಲರು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದು ಹೇಳಿ ಕಳುಹಿಸುತ್ತಾರೆ. ನಮ್ಮ ಯುವಕ ಸಂಘಗಳಿಂದ ಅರ್ಧದಲ್ಲೇ ಬಿಟ್ಟುಹೋದ ಹುಡುಗರ ವಿಷಯದಲ್ಲಿ ನಾವು ಪೌಲರೂ ಆಗಲಿಲ್ಲ, ಬಾರ್ನಬರೂ ಆಗಲಿಲ್ಲ. ಕೇಳಲೂ ಇಲ್ಲ, ಕರೆಯಲೂ ಇಲ್ಲ. ಹಬ್ಬದ ಪೆಂಡಾಲು ಹಾಕುವ ಹೊತ್ತಿಗೆ ಮಾತ್ರ ನೆನಪು ಮಾಡಿಕೊಂಡೆವು.

"ಸುಮ್ಮನ ಯಾಕ್ರೀ ಊರ ಉಸಾಬರಿ? ಫಾದರ್ ನೋಡ್ಕೋತಾರ." ಇದು ಎರಡನೆಯ ಆಕ್ಷೇಪಣೆ. ಹಣದ ವಿಷಯದಲ್ಲಿ ಇದು ಹೆಚ್ಚು ಕೇಳಿಬರುತ್ತದೆ. ಧರ್ಮಕೇಂದ್ರದ ಲೆಕ್ಕ ಕೇಳಿದವನು ಗುರುದ್ರೋಹಿ ಎಂಬಂತೆ ನೋಡುವ ಅಭ್ಯಾಸ ಕೆಲವೆಡೆ ಇನ್ನೂ ಇದೆ. ನೋಡುವವರಿಗೆ ಧರ್ಮಸಭೆಯ ಕಾನೂನು ತಿಳಿಯದು. 1983ರ ಧರ್ಮಸಭಾ ಕಾನೂನು ಸಂಹಿತೆಯ 537ನೇ ವಿಧಿಯ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆಂದು 1287ನೇ ವಿಧಿಯ ಎರಡನೆಯ ಭಾಗ ಹೇಳುತ್ತದೆ. 212ನೇ ವಿಧಿ ಇನ್ನೂ ಮುಂದೆ ಹೋಗಿ, ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಎನ್ನುತ್ತದೆ. ಗೌರವ ಬಿಡಕೂಡದು ಎಂಬುದನ್ನೂ ಸೇರಿಸುತ್ತದೆ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಜೆರುಸಲೇಮಿನ ಬಡವರಿಗಾಗಿ ಕೊರಿಂಥದಲ್ಲಿ ಕಾಣಿಕೆ ಎತ್ತಿದಾಗ ಸಂತ ಪೌಲರು ಅದನ್ನು ಒಬ್ಬರೇ ಒಯ್ಯಲು ಒಪ್ಪಲಿಲ್ಲ. ಸಭೆಗಳು ಆರಿಸಿದ ಇನ್ನೊಬ್ಬ ಸೋದರ ಜೊತೆಗಿರಲಿ, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ನಮ್ಮ ನಡತೆ ನೆಟ್ಟಗಿರಬೇಕು ಎಂಬುದು ಅವರ ನಿಲುವು. ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಇದಿದೆ. ಪೌಲರಿಗೇ ಬೇಕಾಗಿದ್ದ ಸಾಕ್ಷಿ ನಮ್ಮ ಖಜಾಂಚಿಗೆ ಬೇಡವೇ?

ಗುರುಗಳೂ ಈ ಸಾಲಿನಿಂದ ಹೊರಗಿಲ್ಲ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನಾಂಗದ ಭಕ್ತರೊಂದಿಗೆ ಊಟ ಮಾಡುವುದನ್ನು ಬಿಟ್ಟು ಹಿಂದೆ ಸರಿದಾಗ ಪೌಲರು ಎಲ್ಲರ ಮುಂದೆ ಅವರನ್ನು ಪ್ರಶ್ನಿಸಿದರು. ಇದು ಬಹಳ ಜನರಿಗೆ ಮುಜುಗರದ ಸಂಗತಿ. ಇಬ್ಬರೂ ಮಾತಾಡಿಕೊಂಡು ಹೂಡಿದ ನಾಟಕವಿದು ಎಂದು ಸಂತ ಜೆರೋಮರೇ ವಿವರಿಸಲು ಹೋದರು. ಸಂತ ಅಗಸ್ಟೀನರು ಒಪ್ಪಲಿಲ್ಲ. ಪವಿತ್ರ ಗ್ರಂಥ ಸುಳ್ಳು ಹೇಳುವುದಿಲ್ಲ, ಪೇತ್ರರು ನಿಜವಾಗಿಯೂ ತಪ್ಪಿದರು, ತಿದ್ದಿಸಿಕೊಂಡ ಅವರ ನಮ್ರತೆಯೇ ದೊಡ್ಡದು ಎಂಬ ಧಾಟಿಯಲ್ಲಿ ಅವರಿಬ್ಬರ ನಡುವೆ ಪತ್ರಗಳೇ ಓಡಾಡಿದವು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು, ಕಿರಿಯರು ಹಿರಿಯ ಅಧಿಕಾರಿಗಳನ್ನು ತಿದ್ದಬಹುದೇ ಎಂಬ ಪ್ರಶ್ನೆ ಎತ್ತಿ, ತಿದ್ದಬಹುದು, ವಿನಯದಿಂದ ತಿದ್ದಬೇಕು ಎಂದು ಉತ್ತರಿಸಿದರು. ನಮ್ಮ ವಿನಯ ಹೇಗಿದೆಯೆಂದರೆ, ಗುರುಗಳ ಎದುರು ಕೈಮುಗಿಯುತ್ತೇವೆ, ಅದೇ ಕೈಯಿಂದ ಧರ್ಮಾಧ್ಯಕ್ಷರಿಗೆ ಮೂಕರ್ಜಿ ಬರೆಯುತ್ತೇವೆ. ಹೆಸರಿಲ್ಲದ, ಸಹಿಯಿಲ್ಲದ ಆ ಕಾಗದಗಳಲ್ಲಿ ನಿಜವಿದ್ದರೂ ಅದಕ್ಕೆ ಬೆಲೆ ಸಿಗುವುದಿಲ್ಲ, ಸುಳ್ಳಿದ್ದರೂ ಅದಕ್ಕೆ ಶಿಕ್ಷೆಯಾಗುವುದಿಲ್ಲ.

ಮತ್ತೆ, ಗುರುಗಳನ್ನು ಪ್ರಶ್ನಿಸಲು ಸಿದ್ಧರಿರುವ ನಾವು ಅವರನ್ನು ವಿಚಾರಿಸಿಕೊಳ್ಳಲು ಸಿದ್ಧರಿದ್ದೇವೆಯೇ? ಮೂರು ತಾಲ್ಲೂಕಿನ ಹಳ್ಳಿಗಳನ್ನು ಬೈಕಿನಲ್ಲಿ ಸುತ್ತಿ ರಾತ್ರಿ ಮನೆ ಸೇರುವ ಮಧ್ಯವಯಸ್ಸಿನ ಯಾಜಕರೊಬ್ಬರು ಒಂಟಿಯಾಗಿ ಕುಳಿತು ತಣ್ಣಗಾದ ರೊಟ್ಟಿ ತಿನ್ನುತ್ತಾರೆ. ಬೆಳ್ಳಿಹಬ್ಬದಂದು ಫ್ಲೆಕ್ಸ್ ಹಾಕುವವರು ಉಳಿದ 364 ದಿನ ಎಲ್ಲಿರುತ್ತಾರೆ? ಬಿ.ಪಿ. ಮಾತ್ರೆ ತೆಗೆದುಕೊಂಡಿರೇ, ಈ ವಾರದ ಪ್ರಬೋಧನೆಯಲ್ಲಿ ಇಂಥ ಮಾತು ನಮಗೆ ಹಿಡಿಸಿತು, ಇಂಥದ್ದು ನೋವು ಮಾಡಿತು ಎಂದು ಹೇಳುವ ಒಂದು ಮನೆಯೂ ಇಲ್ಲದ ಧರ್ಮಕೇಂದ್ರದಲ್ಲಿ ಯಾವ ಗುರುಗಳಾದರೂ ಒಂದೋ ಸರ್ವಾಧಿಕಾರಿಯಾಗುತ್ತಾರೆ, ಇಲ್ಲವೇ ಕುಗ್ಗಿಹೋಗುತ್ತಾರೆ.

ಮೂರನೆಯ ಆಕ್ಷೇಪಣೆ ಮಾನದ್ದು. ನಾವು ಅಲ್ಪಸಂಖ್ಯಾತರು, ಈಗಲೇ ಎಲ್ಲರ ಕಣ್ಣು ನಮ್ಮ ಮೇಲಿದೆ, ಮನೆಯ ಗುಟ್ಟು ರಟ್ಟಾದರೆ ನಗೆಪಾಟಲಾಗುತ್ತೇವೆ ಎನ್ನುತ್ತಾರೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಈ ತರ್ಕವನ್ನು ಕೊನೆಯವರೆಗೆ ಹಿಡಿದು ಹೊರಟವರು ಎಲ್ಲಿಗೆ ಮುಟ್ಟಿದರೆಂಬುದನ್ನು ಲೋಕವೇ ನೋಡಿದೆ. ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಯಾಜಕರನ್ನು ಧರ್ಮಸಭೆಯ ಮಾನ ಕಾಯುವ ಹೆಸರಿನಲ್ಲಿ ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಾ ಹೋದದ್ದನ್ನು 2002ರಲ್ಲಿ ಬೋಸ್ಟನ್ ನಗರದ ಪತ್ರಿಕೆಯೊಂದು ಬಯಲಿಗೆಳೆಯಿತು. ಕಾಯ್ದ ಮಾನ ಉಳಿಯಿತೇ? 2019ರಲ್ಲಿ ಪೋಪ್ ಫ್ರಾನ್ಸಿಸರು ಇಂಥ ದೂರುಗಳನ್ನು ವರದಿ ಮಾಡುವುದು ಯಾಜಕರಿಗೂ ಧಾರ್ಮಿಕರಿಗೂ ಕಡ್ಡಾಯವೆಂದು ನಿಯಮ ಮಾಡಬೇಕಾಯಿತು. ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಮಗುವಿನ ಮೇಲೆ ಯಾರೇ ಕೈಮಾಡಿದ್ದರೂ, ಗುರುವಾಗಲಿ, ಮಾವನಾಗಲಿ, ಉಪದೇಶಿಯಾಗಲಿ, ಅಲ್ಲಿ ಮೊದಲು ಒಬ್ಬನೇ ಹೋಗಿ ಬುದ್ಧಿ ಹೇಳು ಎಂಬ ಮತ್ತಾಯನ ಕ್ರಮವನ್ನು ಅಡ್ಡ ಹಿಡಿಯಕೂಡದು. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಹೊಡೆತ ತಿನ್ನುತ್ತಿರುವ ಹೆಂಡತಿಯನ್ನೂ ಸೋದರಭಾವದ ಹೆಸರಿನಲ್ಲಿ ಮತ್ತೆ ಅದೇ ಮನೆಗೆ ತಳ್ಳಬಾರದು. ತಿದ್ದುವಿಕೆ ಎಂಬುದು ದುರ್ಬಲರ ಪಕ್ಕದಲ್ಲಿ ನಿಂತು ಮಾಡುವ ಕೆಲಸ, ಅವರ ಬಾಯಿಗೆ ಬಟ್ಟೆ ತುರುಕಿ ಮಾಡುವುದಲ್ಲ.

ಹಾಗೆಂದು ನಾಳೆಯಿಂದ ಎಲ್ಲರೂ ಎಲ್ಲರ ಮನೆಯ ಒಲೆಯೊಳಗೆ ಇಣುಕಬೇಕೆಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರ ಒಳ್ಳೆಯ ಹೆಸರಿಗೆ ಅನ್ಯಾಯವಾಗಿ ಧಕ್ಕೆ ತರುವುದನ್ನು ಕಾನೂನು ಸಂಹಿತೆಯ 220ನೇ ವಿಧಿ ನಿಷೇಧಿಸುತ್ತದೆ. ನೀತಿ ಹೇಳುವ ಹುಮ್ಮಸ್ಸಿರುವವರೇ ಹೆಚ್ಚಾದ ಧರ್ಮಕೇಂದ್ರಗಳನ್ನೂ ನೀವು ಕಂಡಿರಬಹುದು. ಅಲ್ಲಿ ಉಸಿರಾಡುವುದೇ ಕಷ್ಟ. ಕೇಳುವ ಹಕ್ಕು ಯಾರಿಗೆ ಬರುತ್ತದೆ? ಹೊತ್ತವನಿಗೆ. ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿದ್ದವನಿಗೆ, ಶಾಲೆಯ ಫೀಸಿಗೆ ಕೈಗಡ ಕೊಟ್ಟು ತಿರುಗಿ ಕೇಳದವನಿಗೆ, ಮಣ್ಣಿಗೆ ಬಂದು ಮೂರನೆಯ ದಿನವೂ ಬಂದವನಿಗೆ. ಅಂಥವನು ಎರಡು ಮಾತು ಗದರಿದರೆ ಯಾರಿಗೂ ಬೇಸರವಾಗುವುದಿಲ್ಲ. ಪಾಪಿಯನ್ನು ಎಚ್ಚರಿಸುವುದನ್ನೂ ದುಃಖಿತನನ್ನು ಸಂತೈಸುವುದನ್ನೂ ಧರ್ಮಸಭೆ ಕರುಣೆಯ ಏಳು ಆತ್ಮಿಕ ಕಾರ್ಯಗಳ ಒಂದೇ ಪಟ್ಟಿಯಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ. 2012ರ ತಪಸ್ಸುಕಾಲದ ಸಂದೇಶಕ್ಕೆ ಪೋಪ್ 16ನೇ ಬೆನೆಡಿಕ್ಟರು ಆರಿಸಿಕೊಂಡದ್ದು ಹಿಬ್ರಿಯರ ಪತ್ರದ ಅದೇ 24ನೇ ವಚನವನ್ನು. ಸೋದರರನ್ನು ತಿದ್ದುವುದು ಕ್ರೈಸ್ತ ಬದುಕಿನ ಮರೆತುಹೋದ ಮುಖವೆಂದು ಅವರು ಅದರಲ್ಲಿ ವಿಷಾದಪಟ್ಟರು. 2024ರ ಅಕ್ಟೋಬರಿನಲ್ಲಿ ಮುಗಿದ ಸಿನೊಡ್ ಸಭೆಯ ಅಂತಿಮ ದಾಖಲೆಯೂ ಪಾರದರ್ಶಕತೆ, ಉತ್ತರದಾಯಿತ್ವಗಳಿಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿತು. ರೋಮಿನಲ್ಲಿ ಬರೆದದ್ದು ಹಿರೇಕೆರೂರಿಗೆ ಬರಬೇಕಾದರೆ ಅಂಚೆಯವನು ತರುವುದಿಲ್ಲ.

ಆದ್ದರಿಂದ ಮುಂದಿನ ಹಬ್ಬದ ಸಮಿತಿಯ ಸಭೆಯಲ್ಲಿ ನೀವು ಹೀಗೆ ಮಾಡಬಹುದು. ಶಾಲು, ಹಾರ, ಫ್ಲೆಕ್ಸುಗಳಿಗೆ ಎಷ್ಟು ಖರ್ಚೆಂದು ಕೇಳಿ. ಆ ಮೊತ್ತವನ್ನು ಬಸ್ಸಿನ ಖರ್ಚಿಗೆ ತೆಗೆದಿಡುವಂತೆ ಗೊತ್ತುವಳಿ ಮಂಡಿಸಿ. ಒಂದೊಂದು ದಿಕ್ಕಿನ ಹಳ್ಳಿಗಳಿಗೆ ಇಬ್ಬಿಬ್ಬರಂತೆ, ಒಬ್ಬ ಗಂಡಸು ಒಬ್ಬ ಹೆಂಗಸು, ತಿಂಗಳಿಗೊಮ್ಮೆ ಹೋಗಿ ಬರಲಿ. ಮೊದಲು ಹೋಗಬೇಕಾದದ್ದು ಮೂರು ಭಾನುವಾರದಿಂದ ಕಾಣದ ಮನೆಗೆ. ಕಾಣಿಕೆಯ ರಸೀದಿ ಪುಸ್ತಕ ಕೈಯಲ್ಲಿ ಇಟ್ಟುಕೊಂಡು ಹೋಗಬೇಡಿ. ಹೋದ ಮೇಲೆ ಪ್ರಾರ್ಥನೆಯೊಂದಿಗೆ ಆರಂಭಿಸುವ ಅವಸರವೂ ಬೇಡ. ಪ್ರಾರ್ಥನೆ ಮುಗಿದ ಕೂಡಲೇ ಏಳುವ ಅಭ್ಯಾಸ ನಮ್ಮದು. ಚಹ ಕುಡಿಯಿರಿ. ಸಾಲದ ಮಾತನ್ನು ಅವರಾಗಿಯೇ ಎತ್ತದಿದ್ದರೆ ಎರಡನೆಯ ಭೇಟಿಯಲ್ಲಿ ನೀವೇ ಎತ್ತಿ. ಅವರು ನಿಮ್ಮ ಮನೆಯ ವಿಷಯವನ್ನೂ ಕೇಳುತ್ತಾರೆ. ಆಗ "ಆರಾಮ" ಎಂದು ಮುಗಿಸಬೇಡಿ.